ಜಿಗುಟು ಸೆಕೆಗೆ ಇನ್ವರ್ಟರ್ ಎ.ಸಿ.: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಎಡವುತ್ತದೆ

ಎ.ಸಿ. ಕೊಳ್ಳುವಾಗ ಟನ್ ಎಷ್ಟು, ವ್ಯಾಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಕೋಣೆಯ ಗಾಳಿಯಿಂದ ಗಂಟೆಗೆ ಎಷ್ಟು ನೀರು ಹಿಂಡುತ್ತದೆ ಎಂದು ಕೇಳುವವರು ಕಡಿಮೆ. ಕೆಲವು ಮಾಡೆಲ್‌ಗಳ ಕೈಪಿಡಿಯಲ್ಲಿ ಹುಡುಕಿದರೆ ಆ ಅಂಕಿ ಸಿಗುತ್ತದೆ. ಮೈಗೆ ಬಟ್ಟೆ ಅಂಟಿಕೊಳ್ಳುವ ಹವೆಯಲ್ಲಿ ಯಂತ್ರದ ಯೋಗ್ಯತೆ ತಿಳಿಯುವುದು ಅಲ್ಲೇ. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ರೂಪಿಸಿದ ಮೊದಲ ಆಧುನಿಕ ಎ.ಸಿ. ಕೂಡ ಮನುಷ್ಯರಿಗಾಗಿ ಹುಟ್ಟಿದ್ದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವ ತೆಗೆಯಲು ಬಂದ ಯಂತ್ರ ಅದು.

ಇಲ್ಲಿ ನೋಡುತ್ತಿರುವುದು ಮನೆಗಳಲ್ಲಿ ಹೆಚ್ಚಾಗಿ ಕಾಣುವ 1ರಿಂದ 1.5 ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎ.ಸಿ.ಯನ್ನು, ಅಂದರೆ ಕಂಪ್ರೆಸರ್ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ, ಒಳಗೊಂದು ಹೊರಗೊಂದು ಯೂನಿಟ್ ಇರುವ ಯಂತ್ರವನ್ನು. ಒಣ ಬಿಸಿಲಿಗೆ ಇದಕ್ಕೆ ಒಳ್ಳೆಯ ಅಂಕ. ಜಿಗುಟು ಸೆಕೆಗೆ ಷರತ್ತಿನ ಮೇಲೆ ಪಾಸು. ಆ ಷರತ್ತುಗಳು ಎ.ಸಿ.ಯನ್ನು ಯಾವಾಗ ಹಾಕುತ್ತೀರಿ, ಹೇಗೆ ಹಾಕುತ್ತೀರಿ ಎಂಬುದಕ್ಕೆ ಸೇರಿದವು.

ಮೊದಲು ಯಾವಾಗ ಎಂಬುದು. ಥರ್ಮಾಮೀಟರ್ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. 35 ಡಿಗ್ರಿ ಬಿಸಿ, ಶೇ. 40 ಆರ್ದ್ರತೆ ಇದ್ದಾಗ ಫ್ಯಾನಿನ ಕೆಳಗೆ ಬೆವರು ಆರುತ್ತದೆ, ಕೂರಬಹುದು. 29 ಡಿಗ್ರಿ, ಶೇ. 85 ಇದ್ದಾಗ ಬೆವರು ಆರದೆ ಇಳಿಯುತ್ತಲೇ ಇರುತ್ತದೆ. ನೋಡಬೇಕಾದ್ದು ಇಬ್ಬನಿ ಬಿಂದು, ಅಂದರೆ ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರೊಳಗಿನ ಆವಿ ನೀರಾಗುತ್ತದೆ ಎಂಬ ಅಂಕಿ. ಆರ್ದ್ರತೆ ಅಳೆಯುವ ಹೈಗ್ರೋಮೀಟರ್ ಇದ್ದರೆ ಬಾಯಿಲೆಕ್ಕ ಸಾಕು: 100ರಿಂದ ಆರ್ದ್ರತೆ ಕಳೆದು, ಉಳಿದದ್ದನ್ನು 5ರಿಂದ ಭಾಗಿಸಿ, ಬಂದದ್ದನ್ನು ಉಷ್ಣಾಂಶದಿಂದ ಕಳೆಯಿರಿ. 32 ಡಿಗ್ರಿ, ಶೇ. 70 ಆದರೆ 30 ಭಾಗ 5 ಎಂದರೆ 6. ಇಬ್ಬನಿ ಬಿಂದು 26. ಆರ್ದ್ರತೆ ಶೇ. 50ಕ್ಕಿಂತ ಮೇಲಿದ್ದಾಗ ಮಾತ್ರ ಈ ಲೆಕ್ಕ ನೆಚ್ಚಬಹುದು.

ನಮ್ಮ ಅಳತೆಗೋಲು ಹೀಗೆ. ಇಬ್ಬನಿ ಬಿಂದು 20ರ ಒಳಗಿದ್ದರೆ ಫ್ಯಾನ್ ಸಾಕು. 20ರಿಂದ 24ರ ನಡುವೆ ಹಗಲು ಫ್ಯಾನಿನಲ್ಲಿ ಕಳೆದು, ಮಲಗುವ ಹೊತ್ತಿಗೆ ಎ.ಸಿ. ಹಾಕಬಹುದು. 24 ದಾಟಿದರೆ ಫ್ಯಾನ್ ತಿರುಗಿಸುವುದು ಹಸಿ ಗಾಳಿಯನ್ನೇ, ಎ.ಸಿ. ಹಾಕಿದ್ದು ದಂಡವಲ್ಲ. ಮನೆಯಲ್ಲಿ ವಯಸ್ಸಾದವರು, ಎಳೆಕೂಸು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಇದ್ದರೆ ಈ ಗೆರೆಗಳನ್ನು ಎರಡು ಡಿಗ್ರಿ ಕೆಳಗಿಳಿಸಿ. ಉಷ್ಣಾಂಶ 40 ಡಿಗ್ರಿ ದಾಟಿದರೆ ಫ್ಯಾನ್ ಗಾಳಿ ಮೈಯನ್ನು ತಂಪು ಮಾಡುವ ಬದಲು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ನೀರು ಹಾಯಿಸುವ ಕೂಲರ್ ಅಂತೂ ಈ ಹವೆಗೆ ಬೇಡವೇ ಬೇಡ, ಇರುವ ತೇವಕ್ಕೆ ಇನ್ನಷ್ಟು ಸೇರಿಸುತ್ತದೆ.

ಎ.ಸಿ. ಹಾಕಿದ ಮೇಲೆ ಫ್ಯಾನ್ ಆರಿಸಬೇಡಿ. 27 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿದರೆ ಕೋಣೆ 4 ಡಿಗ್ರಿ ಹೆಚ್ಚು ತಂಪಾದಂತೆ ಅನ್ನಿಸುತ್ತದೆ ಎನ್ನುವುದೂ ಅದೇ ಸಂಸ್ಥೆಯ ಮಾತು. ಕರೆಂಟ್ ಉಳಿಸುವ ಹೊಸ ಬಗೆಯ ಮೋಟಾರಿನ ಬಿ.ಎಲ್.ಡಿ.ಸಿ. ಫ್ಯಾನ್ 30 ವ್ಯಾಟ್ ಆಸುಪಾಸು, ಹಳೆಯ ಬಗೆಯದು 75 ವ್ಯಾಟ್ ತಿನ್ನುತ್ತದೆ, 1.5 ಟನ್ ಎ.ಸಿ. ಪೂರ್ತಿ ಓಟದಲ್ಲಿ ಸುಮಾರು 1,500.

ಈಗ ಎಡವುವ ಜಾಗ. ಒಳಗಿನ ಯೂನಿಟ್‌ನಲ್ಲಿ ಗಾಳಿಯನ್ನು ತಣಿಸುವ ಕೊಳವೆಸುರುಳಿ, ಅಂದರೆ ಕಾಯಿಲ್, ಇಬ್ಬನಿ ಬಿಂದುವಿಗಿಂತ ಸಾಕಷ್ಟು ತಣ್ಣಗಿದ್ದರೆ ಮಾತ್ರ ಗಾಳಿಯ ಆವಿ ಅದರ ಮೇಲೆ ನೀರಾಗಿ ಕೂರುತ್ತದೆ. ಕೋಣೆ ನೀವು ಹೇಳಿದ ಉಷ್ಣಾಂಶಕ್ಕೆ ಬಂದೊಡನೆ ಇನ್ವರ್ಟರ್ ಕಂಪ್ರೆಸರ್ ತನ್ನ ವೇಗ ಇಳಿಸುತ್ತದೆ. ಕರೆಂಟ್ ಉಳಿಯುವುದು ಅದರಿಂದಲೇ. ಆದರೆ ಆಗ ಕಾಯಿಲ್ ಸ್ವಲ್ಪ ಬೆಚ್ಚಗಾಗುತ್ತದೆ, ನೀರು ಹಿಂಡುವುದು ಕಡಿಮೆಯಾಗುತ್ತದೆ. ರಿಮೋಟ್ 25 ತೋರಿಸುತ್ತಿರುತ್ತದೆ, ಹೈಗ್ರೋಮೀಟರ್ ಶೇ. 70 ತೋರಿಸುತ್ತಿರುತ್ತದೆ, ಹಾಸಿಗೆ ತಣ್ಣಗೆ ಹಸಿ ಹಸಿ. ಇಂಥ ಹೊತ್ತಲ್ಲಿ ಮೆಕ್ಯಾನಿಕ್ ಬಂದರೂ ಏನೂ ಕೆಟ್ಟಿಲ್ಲ ಎಂದು ಹೇಳಿ ಹೋಗುತ್ತಾನೆ. ಕೆಟ್ಟಿರುವುದಿಲ್ಲ, ನಿಜ. ಎ.ಸಿ.ಯೊಳಗಿನ ಗಾಳಿ ಊದುವ ಫ್ಯಾನಿನ, ಅಂದರೆ ಬ್ಲೋವರ್‌ನ ವೇಗವನ್ನು ಆಟೋದಿಂದ ಲೋಗೆ ಇಳಿಸಿ. ಗಾಳಿ ನಿಧಾನವಾಗಿ ಹಾದಷ್ಟೂ ಕಾಯಿಲ್ ತಣ್ಣಗಾಗಿ ನೀರಿನ ಪಾಲು ಹೆಚ್ಚುತ್ತದೆ. ಅರ್ಧ ಗಂಟೆಯಲ್ಲಿ ಹೈಗ್ರೋಮೀಟರಿನ ಮುಳ್ಳು ಇಳಿಯದಿದ್ದರೆ ಉಷ್ಣಾಂಶವನ್ನು ಒಂದು ಡಿಗ್ರಿ ತಗ್ಗಿಸಿ. ಗುರಿ ಶೇ. 50ರಿಂದ 60. ಅದಕ್ಕಿಂತ ಕೆಳಗೆ ಹೋಗಲು ಕರೆಂಟ್ ಸುಡಬೇಕಾಗಿಲ್ಲ.

ಡ್ರೈ ಮೋಡ್ ಎಂಬುದು ರಿಮೋಟಿನಲ್ಲಿ ನೀರಹನಿಯ ಗುರುತಿನ ಹಿಂದೆ ಅಡಗಿರುವ ಒಳ್ಳೆಯ ಸೌಲಭ್ಯ. ಬ್ಲೋವರ್ ನಿಧಾನ, ಕಂಪ್ರೆಸರ್ ಬಿಟ್ಟು ಬಿಟ್ಟು. ಮಳೆ ಹಿಡಿದ ದಿನ, ಕೋಣೆ 25–28 ಡಿಗ್ರಿ ಇದ್ದೂ ಮೈ ಅಂಟುವಾಗ ಇದಕ್ಕೆ ಸಾಟಿಯಿಲ್ಲ. 33 ಡಿಗ್ರಿಗೆ ಕಾದ ಕೋಣೆಯಲ್ಲಿ ಮೊದಲಿಗೇ ಇದನ್ನು ಹಾಕಿದರೆ ಹೆಚ್ಚು ಪ್ರಯೋಜನವಿಲ್ಲ. ಮೊದಲು ಕೂಲ್, ಆಮೇಲೆ ಡ್ರೈ. ಹಲವು ಮಾಡೆಲ್‌ಗಳಲ್ಲಿ ಡ್ರೈ ಮೋಡಿನಲ್ಲಿ ಬ್ಲೋವರ್ ವೇಗ ಬದಲಿಸಲು ಬಿಡುವುದಿಲ್ಲ. ಅದು ದೋಷವಲ್ಲ, ಮಾಡಿರುವುದೇ ಹಾಗೆ.

ಸಣ್ಣ ಕೋಣೆಗೆ ದೊಡ್ಡ ಯಂತ್ರ ಹಾಕಿಸುವುದು ಈ ಹವೆಯಲ್ಲಿ ದೊಡ್ಡ ತಪ್ಪು. ಹತ್ತು ಅಡಿ ಚೌಕದ ಕೋಣೆಗೆ 1.5 ಟನ್ ಹಾಕಿದರೆ ಹತ್ತೇ ನಿಮಿಷದಲ್ಲಿ ತಂಪಾಗುತ್ತದೆ, ಕಂಪ್ರೆಸರ್ ವೇಗ ಇಳಿಸಿದ್ದೂ ಸಾಲದೆ ನಿಂತೇಬಿಡುತ್ತದೆ, ಬ್ಲೋವರ್ ತಿರುಗುತ್ತಲೇ ಇರುತ್ತದೆ. ಕಾಯಿಲ್‌ನ ತೆಳು ಲೋಹದ ಪಟ್ಟಿಗಳ (ಫಿನ್) ನಡುವೆ ನಿಂತಿದ್ದ ನೀರು ಡ್ರೈನಿಗೆ ಇಳಿಯುವ ಮೊದಲೇ ಮತ್ತೆ ಆವಿಯಾಗಿ ಕೋಣೆಗೇ ಬರುತ್ತದೆ.

ಹಾಗೆಂದು ಮೊದಲ ಗಂಟೆಯಲ್ಲೇ ತೀರ್ಪು ಕೊಡಬೇಡಿ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗಾಳಿಯನ್ನು 30 ಡಿಗ್ರಿ, ಶೇ. 75ರಿಂದ 26 ಡಿಗ್ರಿ, ಶೇ. 55ಕ್ಕೆ ತರಲು ತೆಗೆಯಬೇಕಾದ ನೀರು ಲೀಟರಿನ ಶೇ. 40ರಷ್ಟೂ ಇಲ್ಲ. ಆದರೂ ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಟ್ಟರೆ ಅದಕ್ಕಿಂತ ಎಷ್ಟೋ ಹೆಚ್ಚು ತುಂಬುತ್ತದೆ. ಹಾಸಿಗೆ, ಪರದೆ, ಬೀರುವಿನ ಬಟ್ಟೆ ಎಲ್ಲ ಹೀರಿಕೊಂಡಿದ್ದನ್ನು ಮೆಲ್ಲಗೆ ಬಿಡುತ್ತವೆ. ಬಾಗಿಲ ಸಂದಿಯಿಂದ ಹೊಸ ತೇವ ಒಳಬರುತ್ತದೆ. ಮಲಗಿದ ಪ್ರತಿಯೊಬ್ಬರೂ ಗಂಟೆಗೆ ಸುಮಾರು 50 ಮಿಲಿಲೀಟರ್ ಸೇರಿಸುತ್ತಾರೆ. ಒಂದು ಲೀಟರ್ ನೀರು ಹಿಂಡಲು ಯಂತ್ರ ಸುಮಾರು 0.68 ಯೂನಿಟ್‌ನಷ್ಟು ಶಾಖ ಹೊರಹಾಕಬೇಕು. ಒಳ್ಳೆಯ ಯಂತ್ರ ಅದಕ್ಕೆ 0.2 ಯೂನಿಟ್ ಕರೆಂಟ್ ಬಳಸುತ್ತದೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿಟ್ಟು ಬಾಗಿಲು ತೆರೆದಿದ್ದರೆ ಹೊರಗಿನ ಹಸಿ ಗಾಳಿಯನ್ನು ನೀವೇ ಒಳಗೆ ಎಳೆದುಕೊಂಡಂತೆ.

ಸಂಜೆ ಕಿಟಕಿ ತೆರೆಯುವ ರೂಢಿಗೂ ಇಬ್ಬನಿ ಬಿಂದುವಿನ ಲೆಕ್ಕವೇ. ಹೊರಗೆ 25 ಡಿಗ್ರಿ, ಶೇ. 95, ಒಳಗೆ 30 ಡಿಗ್ರಿ, ಶೇ. 65. ಹೊರಗೆ ತಂಪು, ಆದರೆ ಇಬ್ಬನಿ ಬಿಂದು ಹೊರಗೆ 24, ಒಳಗೆ 23. ರಾತ್ರಿಯಿಡೀ ಫ್ಯಾನಿನಲ್ಲೇ ಮಲಗುವುದಾದರೆ ತೆರೆಯಿರಿ. ಹತ್ತು ಗಂಟೆಗೆ ಎ.ಸಿ. ಹಾಕುವವರಿದ್ದರೆ ಮುಚ್ಚಿಡಿ.

ತೊಂದರೆಗಳ ಪೈಕಿ ಹೆಚ್ಚು ಗಾಬರಿ ಹುಟ್ಟಿಸುವುದು ಒಳಗಿನ ಯೂನಿಟ್‌ನಿಂದ ತೊಟ್ಟಿಕ್ಕುವ ನೀರು. ಗಾಳಿ ಬರುವ ರೆಕ್ಕೆಯ ತುದಿಯಲ್ಲಿ ಮಾತ್ರ ಹನಿಗಟ್ಟಿದ್ದರೆ ಯಂತ್ರ ಕೆಟ್ಟಿಲ್ಲ, ಆರ್ದ್ರತೆ ಶೇ. 80ರ ಮೇಲಿರುವಾಗ ರೆಕ್ಕೆಯನ್ನು ಪೂರ್ತಿ ಕೆಳಗೆ ಬಾಗಿಸಿಟ್ಟದ್ದೇ ಕಾರಣ, ಮೇಲಕ್ಕೆತ್ತಿ. ಯೂನಿಟ್‌ನ ಹಿಂದಿನಿಂದ ಗೋಡೆಗುಂಟ ಇಳಿಯುತ್ತಿದ್ದರೆ ಡ್ರೈನ್ ಲೋಳೆಗಟ್ಟಿ ಮುಚ್ಚಿದೆ, ಇಲ್ಲವೇ ಪೈಪಿನ ಇಳಿಜಾರು ತಪ್ಪಿದೆ, ಅಥವಾ ಪೈಪಿನ ತುದಿ ಬಕೆಟಿನ ನೀರಿನಲ್ಲಿ ಮುಳುಗಿದೆ. ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ ಕೆರೆಯಲು ಹೋಗಬೇಡಿ. ಫ್ಯಾನ್ ಮೋಡಿನಲ್ಲಿಟ್ಟು ಕರಗಿಸಿ, ಫಿಲ್ಟರ್ ತೊಳೆದು ಮತ್ತೆ ಕೂಲ್ ಹಾಕಿ. ಶುಚಿ ಫಿಲ್ಟರಿನಲ್ಲೂ ಮತ್ತೆ ಗಡ್ಡೆ ಕಟ್ಟಿದರೆ ಗ್ಯಾಸ್ ಕಡಿಮೆಯಾಗಿರಬಹುದು. ಗ್ಯಾಸ್ ಉಪಯೋಗಿಸಿ ಖಾಲಿಯಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ಬರೀ ತುಂಬಿಸಿ ಹೋಗುವವರಿಗೆ ದುಡ್ಡು ಕೊಡಬೇಡಿ. ಇನ್ನೊಂದು: ಆರಿಸಿ ತಕ್ಷಣ ಹಾಕಿದರೆ ಕಂಪ್ರೆಸರ್ ಸುಮಾರು ಮೂರು ನಿಮಿಷ ಸುಮ್ಮನಿರುತ್ತದೆ. ಅದು ಅದರ ರಕ್ಷಣೆಗೆ. ಗುಂಡಿ ಒತ್ತುತ್ತಾ ಕೂರಬೇಡಿ.

ಹೈಗ್ರೋಮೀಟರನ್ನು ಎ.ಸಿ.ಯ ಗಾಳಿ ನೇರ ಬೀಳದ ಕಡೆ, ತಲೆದಿಂಬಿನ ಎತ್ತರದಲ್ಲಿಡಿ. ಅಗ್ಗದವು ಐದು ಅಂಶ ಹೆಚ್ಚುಕಡಿಮೆ ತೋರಿಸುವುದು ಮಾಮೂಲು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಹಸಿ ಮರಳಿನಂತಾಗುವಷ್ಟು ನೀರು ಬೆರೆಸಿ (ಕರಗಿ ನೀರಾಗಬಾರದು), ಮೀಟರಿನ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 79 ತೋರಿಸಿದರೆ ಮೀಟರಿನ ಹಿಂದೆ ಒಂದು ಚೀಟಿ ಅಂಟಿಸಿ: ನಾಲ್ಕು ಕಳೆಯಿರಿ.