ಗೋಳಿಬಜೆಗೆ ಸೋಡಾ ನೀರೋ, ಅಡುಗೆ ಸೋಡಾವೋ?

ಮಂಗಳೂರಿನ ಗೂಡಂಗಡಿಯ ಗೋಲಿ ಸೋಡಾ ಎಂದರೆ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿಸಿದ ನೀರು. ಅದರಲ್ಲಿ ಸ್ವಲ್ಪ ಕಾರ್ಬಾನಿಕ್ ಆಮ್ಲವಾಗಿ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 4ರ ಆಸುಪಾಸಿಗೆ ಇಳಿಯುತ್ತದೆ. ಅಡುಗೆ ಸೋಡಾ ಕದಡಿದ ನೀರು ಸೌಮ್ಯ ಕ್ಷಾರ, ಪಿಎಚ್ ಸುಮಾರು 8.3. ಅದರಿಂದ ಗುಳ್ಳೆ ಏಳಬೇಕಾದರೆ ಹುಳಿಯೋ ಬಿಸಿಯೋ ಬೇಕು.

ಗೋಳಿಬಜೆಗೆ ಅಡುಗೆ ಸೋಡಾವೇ ಸರಿ. 2 ಕಪ್ ಮೈದಾ, 1 ಕಪ್ ಹುಳಿ ಮೊಸರಿಗೆ ಅರ್ಧ ಟೀ ಚಮಚ ಸಾಕು. ಮೊಸರಿನ ಲ್ಯಾಕ್ಟಿಕ್ ಆಮ್ಲ ಅನಿಲ ಬಿಡಿಸುತ್ತದೆ, ಉಳಿದ ಸೋಡಾ ಕಾದ ಎಣ್ಣೆಯಲ್ಲಿ ಒಡೆಯುತ್ತದೆ. ಜಾಸ್ತಿ ಹಾಕಿದರೆ ಹುಳಿ ಮುಗಿದು ಕ್ಷಾರ ಉಳಿದುಬಿಡುತ್ತದೆ: ಸಾಬೂನಿನ ರುಚಿ, ಒಳಗೆ ಬೇಯುವ ಮೊದಲೇ ಕಪ್ಪಾಗುವ ಹೊರಮೈ, ಎಣ್ಣೆ ಕುಡಿದ ಬಜೆ. ಹಿಟ್ಟಿಗೆ ಅರಸಿನ ತಾಗಿದ್ದರೆ ಕೆಂಪು ಚುಕ್ಕೆಗಳೇ ದೂರು ಹೇಳುತ್ತವೆ.

ಸೋಡಾ ನೀರಿನ ಅನಿಲ ಕಲಸುವಾಗಲೇ ಬಹುಪಾಲು ಹಾರಿಹೋಗುತ್ತದೆ. ಗಂಟೆಗಟ್ಟಲೆ ಇಡುವ ಹಿಟ್ಟಿಗೆ ಅದು ದಂಡ. ಜೀಗುಜ್ಜೆ ಪೋಡಿಯಂಥ (ಬ್ರೆಡ್‌ಫ್ರೂಟ್ ಬಜ್ಜಿ) ತೆಳು ಹಿಟ್ಟಿಗಾದರೆ, ಸೋಡಾ ನೀರನ್ನು ಫ್ರಿಜ್ಜಿನಿಂದ ತೆಗೆದು ಕೊನೆಗೆ ಸುರಿದು, ಎರಡೇ ಸುತ್ತು ಕಲಸಿ ಕೂಡಲೇ ಎಣ್ಣೆಗೆ ಬಿಡಿ. ಗರಿಗರಿ ಬರುತ್ತದೆ, ಕ್ಷಾರದ ವಾಸನೆಯಿಲ್ಲ.

ಕಡಲೆ ನೆನೆಸಲು ಮಾತ್ರ ಚರ್ಚೆಯೇ ಬೇಡ: ಲೀಟರ್ ನೀರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ಸಡಿಲಾಗುತ್ತದೆ. ಬೇಯಿಸುವ ಮೊದಲು ಆ ನೀರು ಚೆಲ್ಲಿ, ಕಡಲೆ ತೊಳೆಯಿರಿ.