ಸಿಂಗಪುರದ ವೆಸಾಕ್: ಮೂರು ವರ್ಷ, ಮೂರು ಗುಡಿ

ಬುದ್ಧನ ಹುಟ್ಟು, ಜ್ಞಾನೋದಯ, ಪರಿನಿರ್ವಾಣ ಮೂರನ್ನೂ ಒಂದೇ ಹುಣ್ಣಿಮೆಯಂದು ನೆನೆಯುವ ವೆಸಾಕ್ ದಿನ ಸಿಂಗಪುರದಲ್ಲಿ ಸಾರ್ವತ್ರಿಕ ರಜೆ. ನಮ್ಮ ಬುದ್ಧ ಪೂರ್ಣಿಮೆಯೇ ಇದಾದರೂ ದಿನ ಯಾವಾಗಲೂ ಕೂಡಿಬರುವುದಿಲ್ಲ. 2023ರಲ್ಲಿ ಊರಿನಲ್ಲಿ ಮೇ 5ಕ್ಕೇ ಹುಣ್ಣಿಮೆಯ ಪೂಜೆ ಮುಗಿದಿತ್ತು. ಚೀನೀ ಪಂಚಾಂಗಕ್ಕೆ ಆ ವರ್ಷ ಎರಡನೆಯ ತಿಂಗಳೇ ಅಧಿಕವಾಗಿ ಬಂದದ್ದರಿಂದ ಇಲ್ಲಿ ಹಬ್ಬ ಜೂನ್ 2ಕ್ಕೆ ಸರಿಯಿತು. ಆ ವರ್ಷದಿಂದ ಮೊದಲ್ಗೊಂಡು ಸತತ ಮೂರು ವೆಸಾಕ್‌ಗಳನ್ನು ಮೂರು ಬೇರೆ ಆಲಯಗಳಲ್ಲಿ ಕಳೆದಿದ್ದೇನೆ.

ಮೊದಲು ಹೋದದ್ದು ಚೈನಾಟೌನಿನ ಸೌತ್ ಬ್ರಿಜ್ ರಸ್ತೆಯಲ್ಲಿರುವ ಬುದ್ಧನ ದಂತಾವಶೇಷದ ದೇವಾಲಯಕ್ಕೆ. ತಾಂಗ್ ಅರಸರ ಕಾಲದ ಶೈಲಿಯಲ್ಲಿದ್ದರೂ ಇದು 2007ರಲ್ಲಿ ತೆರೆದ ಕಟ್ಟಡ. ನೆಲಮಹಡಿಯಲ್ಲಿ ಮುಂದೆ ಬರಲಿರುವ ಬುದ್ಧನಾದ ಮೈತ್ರೇಯನಿದ್ದಾನೆ, ನಾಲ್ಕನೆಯ ಮಹಡಿಯ ಬಂಗಾರದ ಸ್ತೂಪದಲ್ಲಿ ದಂತವಿದೆ. ಹಬ್ಬದ ದಿನ ಜನಸಾಗರ ಸಹಜವೇ. ನನಗೆ ಸ್ತೂಪದ ದರ್ಶನ ದೊರೆತದ್ದು ತಿರುಪತಿಯಲ್ಲಿ ದೊರೆಯುವಷ್ಟೇ ಹೊತ್ತು, ‘ಜರುಗಂಡಿ’ ಎನ್ನುವವರು ಇಲ್ಲವೆಂಬುದೊಂದೇ ವ್ಯತ್ಯಾಸ. ಮೂರನೆಯ ಮಹಡಿಯ ವಸ್ತುಸಂಗ್ರಹಾಲಯವನ್ನೂ ಮೇಲ್ಛಾವಣಿಯ ತೋಟದ ನಡುವಿನ ಪ್ರಾರ್ಥನಾಚಕ್ರವನ್ನೂ ನಿಧಾನವಾಗಿ ನೋಡಬೇಕೆನ್ನುವವರು ವಾರದ ನಡುವಿನ ಸಾಮಾನ್ಯ ದಿನವೊಂದನ್ನು ಆರಿಸಿಕೊಳ್ಳುವುದು ಲೇಸು.

ಮರುವರ್ಷ ಬ್ರೈಟ್ ಹಿಲ್ ರಸ್ತೆಯ ಕಾಂಗ್ ಮೆಂಗ್ ಸಾನ್ ಫೋರ್ ಕಾರ್ಕ್ ಸೀ ಮಠಕ್ಕೆ ಹೋದೆ. ಇಲ್ಲಿ ವೆಸಾಕ್‌ನ ಅಂಗವಾಗಿ ಮೂರು ಹೆಜ್ಜೆಗೊಮ್ಮೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸುತ್ತ ಮಠದ ಆವರಣವನ್ನು ಸುತ್ತುವ ಸೇವೆಯಿದೆ. ನಮ್ಮ ಕಡೆಯ ಹೆಜ್ಜೆ ನಮಸ್ಕಾರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಅಲ್ಲಿ ಹರಕೆ ಹೊತ್ತವರು ಒಬ್ಬೊಬ್ಬರಾಗಿ ಮಾಡುವುದನ್ನು ಇಲ್ಲಿ ನೂರಾರು ಜನ ಸಾಲಾಗಿ, ಒಂದೇ ಲಯದಲ್ಲಿ ಮಾಡುತ್ತಾರೆ. ‘ನಾಮೋ ಬೆನ್ ಶಿ ಶಿಜ್ಯಾ ಮೌನಿ ಫೋ’ ಎಂಬ ಜಪ ಮೊದಲ ಅರ್ಧ ಗಂಟೆ ನನಗೆ ಬರಿಯ ನಾದವಾಗಿತ್ತು. ಹದಿನೈದನೆಯದೋ ಇಪ್ಪತ್ತನೆಯದೋ ನಮಸ್ಕಾರದಲ್ಲಿ, ಹಣೆ ಬಿಸಿ ನೆಲಕ್ಕೆ ತಾಗಿದ್ದಾಗ, ಆ ‘ಶಿಜ್ಯಾ ಮೌನಿ’ಯೇ ನಮ್ಮ ಶಾಕ್ಯಮುನಿ ಎಂದು ಥಟ್ಟನೆ ಹೊಳೆಯಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಮೊಣಕಾಲಿನ ಅವಸ್ಥೆಯನ್ನು ಕಂಡು ತಮ್ಮ ಚಿಕ್ಕ ಟವೆಲನ್ನು ಮಾತಿಲ್ಲದೆ ನನ್ನತ್ತ ಸರಿಸಿದರು. ಸುತ್ತು ಮುಗಿಯುವಾಗ ಎರಡು ಗಂಟೆಯ ಮೇಲಾಗಿತ್ತು. ಒಂದು ಬೆರಳನ್ನು ಆಕಾಶಕ್ಕೂ ಇನ್ನೊಂದನ್ನು ಭೂಮಿಗೂ ತೋರಿಸುತ್ತ ನಿಂತ ಶಿಶುಬುದ್ಧನಿಗೆ ಪುಟ್ಟ ಸೌಟಿನಿಂದ ನೀರೆರೆಯುವ ಅಭಿಷೇಕವೂ ಅಲ್ಲೇ ಆಯಿತು. 13.8 ಮೀಟರ್ ಎತ್ತರದ ಕಂಚಿನ ಬುದ್ಧನನ್ನು ಮಾತ್ರ ನಾನು ಅರೆಗಣ್ಣಿನಲ್ಲೇ ನೋಡಿದೆ, ಅಷ್ಟು ದಣಿದಿದ್ದೆ.

ಮೂರನೆಯ ವರ್ಷ ಅಮ್ಮ ಜೊತೆಗಿದ್ದರು. ಅವರಿಗೆ ಸಾಲೂ ಆಗದು, ಮಂಡಿಯೂರುವುದೂ ಆಗದು. ಹಾಗಾಗಿ ಲಿಟ್ಲ್ ಇಂಡಿಯಾಕ್ಕೆ ಸಮೀಪದ ರೇಸ್ ಕೋರ್ಸ್ ರಸ್ತೆಯ ಶಾಕ್ಯಮುನಿ ಬುದ್ಧಗಯಾ ದೇವಾಲಯವನ್ನು ಆರಿಸಿದೆವು. ಥಾಯ್ ಭಿಕ್ಷು ವುತ್ಥಿಸಾರ 1927ರಲ್ಲಿ ಸ್ಥಾಪಿಸಿದ ಈ ಗುಡಿಯಲ್ಲಿ ಸುಮಾರು 15 ಮೀಟರ್ ಎತ್ತರದ ಕುಳಿತ ಬುದ್ಧನಿದ್ದಾನೆ. ಬಾಗಿಲಲ್ಲೇ ಹುಲಿಯ ಮೂರ್ತಿಯನ್ನು ಕಂಡು ಅಮ್ಮ ಮಾದಪ್ಪನನ್ನು ನೆನೆದರು. ಪ್ರತಿಮೆಯ ಹಿಂಬದಿಯ ತಗ್ಗು ಬಾಗಿಲಿನಿಂದ ತಲೆಬಾಗಿಸಿ ಒಳಹೊಕ್ಕರೆ ಮಲಗಿದ ಬುದ್ಧನ ಇನ್ನೊಂದು ಮೂರ್ತಿ ಸಿಗುತ್ತದೆ. ರಸ್ತೆಯ ಆಚೆ ಬದಿಗೆ ಕರುಣೆಯ ದೇವಿ ಗ್ವಾನ್ ಯಿನ್ ನೆಲೆಸಿರುವ ಲಿಯಾಂಗ್ ಸಾನ್ ಸೀ ಗುಡಿಯಿದೆ. ‘ಇದು ಯಾವ ಅಮ್ಮ?’ ಎಂದು ಅವರು ಕೇಳಿದಾಗ, ಭಾರತದಿಂದ ಪುರುಷರೂಪದಲ್ಲಿ ಹೊರಟ ಅವಲೋಕಿತೇಶ್ವರ ಚೀನಾದಲ್ಲಿ ಹೆಣ್ಣಾದ ಬಗೆಯನ್ನು ಹೇಳಿದೆ. ‘ಕರುಣೆಯಿದ್ದರೆ ಅಮ್ಮನೇ ಆಗಬೇಕಲ್ಲ’ ಎಂದು ಅವರು ಕೈಮುಗಿದರು.

ಹಿರಿಯರೊಡನೆ ಹೋಗುವವರಿಗೆ ನಾನು ರೇಸ್ ಕೋರ್ಸ್ ರಸ್ತೆಯನ್ನೇ ಹೇಳುತ್ತೇನೆ. ನನಗೊಬ್ಬನಿಗೇ ಆದರೆ ಬ್ರೈಟ್ ಹಿಲ್, ಅದರಲ್ಲಿ ಎರಡು ಮಾತಿಲ್ಲ. ಈ ಸಲ ಟವೆಲನ್ನು ಮನೆಯಿಂದಲೇ ಒಯ್ಯುತ್ತೇನೆ.