ಪುಣೆಯಲ್ಲಿ ಪರಿಸರ ವಿಜ್ಞಾನ ಎಂಎಸ್ಸಿ: ಓದಿದವಳ ಮಾತು

ಧಾರವಾಡದಿಂದ ಬಂದು ಇಲ್ಲಿ ಎರಡು ವರ್ಷ ಓದಿದೆ. ಕೋರ್ಸ್ ತುಂಬಾ ಇಷ್ಟವಾಯಿತು, ಮುಖ್ಯವಾಗಿ ಲ್ಯಾಬ್. ಮುಳಾ, ಮುಠಾ ನದಿಗಳು ಸೇರುವ ಸಂಗಮದ ಹತ್ತಿರ ಬೇಸಿಗೆಯಲ್ಲಿ ನೀರು ತುಂಬಿಕೊಂಡು, 300 ಮಿಲಿ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದ ಹಾಗೆ ನೋಡಿಕೊಂಡು, ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಅಯೊಡೈಡ್ ಹಾಕಿದೆವು. ನೀರಲ್ಲಿ ಆಮ್ಲಜನಕ ಇದ್ದರೆ ಕಂದು ಗಸಿ ಕೂರುತ್ತದೆ. ನಮಗೆ ಬಂದದ್ದು ಬರೀ ಬಿಳಿ. ಮೀನು ಹೇಗೆ ಉಸಿರಾಡಬೇಕು, ಹೇಳಿ? ಅವತ್ತು ಊಟ ಸೇರಲಿಲ್ಲ.

ಬೇಜಾರಾದದ್ದು ಫೀಲ್ಡ್ ಕೆಲಸ ಕಡಿಮೆ ಅಂತ. ಸಂಗಮಕ್ಕೆ ಹೋಗಿದ್ದೂ ನಾವೇ ಹಟ ಹಿಡಿದು, ಬಸ್ ಚಾರ್ಜ್ ನಮ್ಮದೇ. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದ್ದರೆ ಸುಲಭ, ಇಲ್ಲದವರಿಗೆ ಮೊದಲ ಸೆಮಿಸ್ಟರ್ ಜಾಸ್ತಿ ಕಷ್ಟ. ಸೇರುವ ಮುಂಚೆ ಲ್ಯಾಬ್ ಒಮ್ಮೆ ನೋಡಿಕೊಂಡು ಬನ್ನಿ.